ಭೀಮನ ಬಲಕ್ಕೊಂದು ಕಟ್ಟಳೆ

ಬೆಂಗೇರಿ ಹಿಂದೆ ಹುಬ್ಬಳ್ಳಿಯ ಮಗ್ಗುಲಿನ ಹಳ್ಳಿ. ಇಂದು ಅವಳಿನಗರದ ಒಂದು ಬಡಾವಣೆ. ಅದರ ಹೆಸರು ದೇಶಕ್ಕೆಲ್ಲ ಪರಿಚಿತವಾದದ್ದು ಧ್ವಜದಿಂದ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಆವರಣ ಅಲ್ಲಿಯೇ ಇದೆ. ಬಾಗಲಕೋಟೆಯ ಕಡೆ ನೇಯ್ದ ಖಾದಿ ಇಲ್ಲಿಗೆ ಬಂದು, ಬಣ್ಣ ಪಡೆದು, ಚಕ್ರದ ಮುದ್ರೆ ಹೊತ್ತು ರಾಷ್ಟ್ರಧ್ವಜವಾಗುತ್ತದೆ. ಧ್ವಜಕ್ಕೆ ಒಂಬತ್ತು ಅಳತೆಗಳುಂಟು. ಎಲ್ಲಕ್ಕೂ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಎಲ್ಲಕ್ಕೂ ಚಿಕ್ಕದು 6 ಅಂಗುಲ ಉದ್ದ, 4 ಅಂಗುಲ ಅಗಲ. ಅಳತೆ ಯಾವುದಾದರೂ ಆಗಲಿ, ಮೂರಕ್ಕೆರಡರ ಪ್ರಮಾಣ ಮಾತ್ರ ತಪ್ಪುವಂತಿಲ್ಲ.

ಧ್ವಜವನ್ನು ಕಂಡು ವೀರನನ್ನು ಗುರುತಿಸುವುದು ನಮ್ಮಲ್ಲಿ ಬಹು ಹಳೆಯ ವಾಡಿಕೆ. ಅರ್ಜುನನ ರಥದ ಮೇಲೆ ಕಪಿ, ದುರ್ಯೋಧನನ ರಥದ ಮೇಲೆ ಸರ್ಪ. ರನ್ನನಂತೂ ದುರ್ಯೋಧನನನ್ನು ಫಣಿರಾಜಕೇತನನೆಂದೇ ಕರೆದ. 1938ರಲ್ಲಿ ಅಮೆರಿಕೆಯ ಚಿತ್ರಕಥೆಗಳಲ್ಲಿ ಕಾಣಿಸಿಕೊಂಡ ಸೂಪರ್‌ಮ್ಯಾನ್ ಎಂಬ ಅತಿಮಾನವ ತನ್ನ ಗುರುತನ್ನು ಎದೆಯ ಮೇಲೆ ಧರಿಸಿದ. ನಮ್ಮವರು ರಥದ ಮೇಲೆ ಏರಿಸಿದ್ದರು. ವ್ಯತ್ಯಾಸ ಅಷ್ಟೇ.

ಅದೇ ಅಮೆರಿಕೆಯಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಒಂದು ವಿಚಿತ್ರ ಆಟವನ್ನು ಪ್ರಕಟಿಸಿದರು. ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಇದಕ್ಕೆ ಮೈದಾನ ಬೇಡ, ರಂಗಸ್ಥಳ ಬೇಡ. ನಾಲ್ಕಾರು ಜನ ಒಂದು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಒಬ್ಬನು ಮಾತ್ರ ಯಜಮಾನನಾಗಿ ನಿಂತು, ಕಾಡು ಹೇಗಿದೆ, ಕೋಟೆ ಎಲ್ಲಿದೆ, ಬಾಗಿಲ ಹಿಂದೆ ಯಾರಿದ್ದಾರೆ ಎಂಬುದನ್ನು ಹೇಳುತ್ತ, ಶತ್ರುಗಳ ಪಾತ್ರಗಳನ್ನೆಲ್ಲ ತಾನೇ ನಿರ್ವಹಿಸುತ್ತಾನೆ. ಮುಂದೇನು ಮಾಡಬೇಕೆಂಬುದು ಪಾತ್ರಧಾರಿಗಳ ಇಚ್ಛೆ. ಮಾಡಿದ್ದು ಫಲಿಸುವುದೋ ಇಲ್ಲವೋ ಎಂಬುದು ದಾಳದ ಇಚ್ಛೆ. ವಾರಪತ್ರಿಕೆಯ ಧಾರಾವಾಹಿಯಂತೆ ಈ ವಾರ ನಿಂತಲ್ಲಿಂದ ಮುಂದಿನ ವಾರ ಕಥೆ ಸಾಗುತ್ತದೆ. 1985ರಲ್ಲಿ ಇದೇ ಆಟಕ್ಕೆ ಪೂರ್ವದೇಶಗಳ ವೀರರಿಗಾಗಿ ಒಂದು ಪ್ರತ್ಯೇಕ ಗ್ರಂಥವೂ ಬಂತು. ಅದರಲ್ಲಿ ಪೂರ್ವವೆಂದರೆ ಬಹುಮಟ್ಟಿಗೆ ಜಪಾನು, ಚೀನ. ಗದೆ ಹಿಡಿದ ಭೀಮನಾಗಲಿ ಗರಡಿಯ ಜಟ್ಟಿಯಾಗಲಿ ಅಂಥವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಬೆಂಗೇರಿಯ ನಾಲ್ವರು ತರುಣರು ಇಂಥದೇ ಒಂದು ಆಟವನ್ನು ಈ ನೆಲದ ವೀರರನ್ನಿಟ್ಟು ಕಟ್ಟಬಯಸಿದರೆ ಅವರು ಎಲ್ಲಿಂದ ಆರಂಭಿಸಬೇಕು?

ತರುಣರ ಮನಸ್ಸು ಮೊದಲು ಓಡುವುದು ಶಕ್ತಿಗಳ ಕಡೆಗೆ. ಒಬ್ಬ ಹಾರಬೇಕು, ಒಬ್ಬ ಬೆಟ್ಟವನ್ನೆತ್ತಬೇಕು, ಮತ್ತೊಬ್ಬನ ಬಾಣ ಗುರಿ ತಪ್ಪಬಾರದು. ಆಟ ಕೆಡುವುದು ಇಲ್ಲಿಯೇ. ಎಲ್ಲವನ್ನೂ ಮಾಡಬಲ್ಲವನಿಗೆ ಮಾಡಲು ಏನೂ ಉಳಿಯುವುದಿಲ್ಲ. ನಮ್ಮ ಪುರಾಣಕರ್ತರು ಈ ಸಂಗತಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆದುದರಿಂದಲೇ ಅವರು ವರವನ್ನು ಕೊಟ್ಟಾಗಲೆಲ್ಲ ಅದರ ಬೆನ್ನಿಗೊಂದು ಶಾಪವನ್ನು ಕಟ್ಟಿದರು.

ಹನುಮಂತನನ್ನೇ ನೋಡಬಹುದು. ಗರಡಿಮನೆಯ ಗೋಡೆಯ ಮೇಲೆ ಅವನ ಚಿತ್ರವಿಲ್ಲದೆ ಸಾಮು ಆರಂಭವಾಗುವುದಿಲ್ಲ. ಅಂಥ ಬಲಶಾಲಿಗೆ ಬಾಲ್ಯದ ಚೇಷ್ಟೆಗಾಗಿ ಋಷಿಗಳಿತ್ತ ಶಾಪವೇನು? ತನ್ನ ಬಲ ತನಗೇ ಮರೆತುಹೋಗಬೇಕು. ಇನ್ನೊಬ್ಬರು ನೆನಪು ಮಾಡಿಕೊಟ್ಟಾಗ ಮಾತ್ರ ಅದು ಎಚ್ಚರಗೊಳ್ಳಬೇಕು. ಕಡಲದಂಡೆಯಲ್ಲಿ ಕಪಿಸೇನೆಯೆಲ್ಲ ಕಂಗಾಲಾಗಿ ಕುಳಿತಾಗ ಮುದುಕ ಜಾಂಬವಂತನು ಎದ್ದು ಅವನನ್ನು ಹೊಗಳಬೇಕಾಯಿತು. ಆಟ ಕಟ್ಟುವವನಿಗೆ ಇದಕ್ಕಿಂತ ಸೊಗಸಾದ ಕಟ್ಟಳೆ ಸಿಗಲಾರದು. ಒಬ್ಬ ವೀರನು ತನ್ನ ಹೆಚ್ಚಿನ ಶಕ್ತಿಯನ್ನು ಬಳಸಬೇಕಾದರೆ ಜೊತೆಯ ಪಾತ್ರಧಾರಿ ಎದ್ದು ಅವನ ಹಿಂದಿನ ಸಾಹಸವನ್ನು ಬಾಯ್ತುಂಬ ವರ್ಣಿಸಬೇಕೆಂದು ಗೊತ್ತುಮಾಡಿದರೆ ಸಾಕು. ತನ್ನ ಸರದಿಗಾಗಿ ಮಾತ್ರ ಕಾಯುತ್ತ ಕೂಡುವ ಆಟಗಾರನೂ ಕಿವಿ ನಿಮಿರಿಸಿ ಕೇಳತೊಡಗುತ್ತಾನೆ.

ಈ ಜಾಣತನ ಏಷ್ಯದ ಉಳಿದ ಕಡೆಗಳಲ್ಲಿಯೂ ಉಂಟು. ಚೀನದ ‘ಪಶ್ಚಿಮಯಾತ್ರೆ’ ಎಂಬ ಹದಿನಾರನೆಯ ಶತಮಾನದ ಕಾದಂಬರಿಯಲ್ಲಿ ಸುನ್ ವುಕಾಂಗ್ ಎಂಬ ವಾನರನು ಎಪ್ಪತ್ತೆರಡು ರೂಪಗಳನ್ನು ತಾಳಬಲ್ಲ. ಆದರೆ ತಲೆಗೊಂದು ಚಿನ್ನದ ಪಟ್ಟಿ ಬಿಗಿದಿದೆ. ಗುರು ಮಂತ್ರ ಹೇಳಿದೊಡನೆ ಆ ಪಟ್ಟಿ ಹಿಂಡತೊಡಗಿ ಅವನನ್ನು ನೆಲಕ್ಕೆ ಕೆಡಹುತ್ತದೆ. ಜಾವಾದ ನೆರಳುಗೊಂಬೆಯಾಟದಲ್ಲಿ ನಮ್ಮ ಘಟೋತ್ಕಚನು ಉಕ್ಕಿನ ಮೈಯವನಾಗಿ ಆಕಾಶದಲ್ಲಿ ಹಾರುವ ನಾಯಕನಾದ. ಅಲ್ಲಿಯೂ ಕರ್ಣನ ಕೈಯಲ್ಲಿ ಅವನಿಗಾಗಿ ಒಂದು ಆಯುಧ ಕಾದಿಯೇ ಇದೆ.

*ಬಲವೋ, ಕೈಚಳಕವೋ*

ಮಲ್ಲವಿದ್ಯೆಯ ಆಟಕ್ಕೆ ಗದಾಯುದ್ಧದಷ್ಟು ಒಳ್ಳೆಯ ಪಾಠ ಬೇರೊಂದಿಲ್ಲ. ವ್ಯಾಸಭಾರತದಲ್ಲಿ ಕೊನೆಯ ಕಾಳಗಕ್ಕೆ ಮುನ್ನ ಕೃಷ್ಣನು ಹೇಳುವ ಮಾತು ಗಮನಾರ್ಹವಾದುದು: ಬಲದಲ್ಲಿ ಭೀಮನೇ ಹೆಚ್ಚು, ಆದರೆ ಕೈಚಳಕದಲ್ಲಿ ದುರ್ಯೋಧನ ಮೇಲು. ದುರ್ಯೋಧನನು ಹದಿಮೂರು ವರ್ಷ ಭೀಮನದೊಂದು ಕಬ್ಬಿಣದ ಪ್ರತಿಮೆಯನ್ನಿಟ್ಟುಕೊಂಡು ಅದರ ಮೇಲೆ ಗದೆಯ ಅಭ್ಯಾಸ ಮಾಡಿದ್ದನಂತೆ. ಒಬ್ಬನ ಬತ್ತಳಿಕೆಯಲ್ಲಿ ಹುಟ್ಟಿನಿಂದ ಬಂದ ಬಲ. ಇನ್ನೊಬ್ಬನ ಬತ್ತಳಿಕೆಯಲ್ಲಿ ಹಗಲಿರುಳಿನ ತಾಲೀಮು. ಇಬ್ಬರೂ ಸಮನಾದರು. ಸಮನಾದ ಮೇಲೆ ಕಾಳಗವನ್ನು ಮುಗಿಸುವುದು ಹೇಗೆ? ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ತೊಡೆ ಮುರಿಯುವೆನೆಂಬುದು ಸಭೆಯಲ್ಲಿ ಭೀಮ ಮಾಡಿದ ಪ್ರತಿಜ್ಞೆ. ಎರಡರಲ್ಲಿ ಒಂದನ್ನು ಮುರಿಯದೆ ಗತಿಯಿಲ್ಲ. ಭೀಮ ನಿಯಮವನ್ನು ಮುರಿದ. ಬಲರಾಮನು ಸಿಟ್ಟಿನಿಂದ ನೇಗಿಲನ್ನೆತ್ತಿಕೊಂಡು ಬಂದ. ಪಾತ್ರಧಾರಿಗಳನ್ನು ಇಂಥ ಇಕ್ಕಟ್ಟಿನಲ್ಲಿ ನಿಲ್ಲಿಸಬಲ್ಲ ಯಜಮಾನನಿಗೆ ರಾಕ್ಷಸರ ದಂಡು ಬೇಕಾಗುವುದೇ ಇಲ್ಲ.

ಪುರಾಣದ ವೀರನಿಗೆ ಚರಿತ್ರೆಯ ವೀರನನ್ನು ಕಸಿ ಮಾಡುವ ವಿದ್ಯೆಯೂ ಈ ಸೀಮೆಗೆ ಹೊಸತಲ್ಲ. ಹುಬ್ಬಳ್ಳಿಯ ಪೂರ್ವಕ್ಕಿರುವ ಅಣ್ಣಿಗೇರಿ ಪಂಪನ ತಾಯಿಯ ಮನೆತನದ ಊರು. ಅವನು 941ರಲ್ಲಿ ರಚಿಸಿದ ‘ವಿಕ್ರಮಾರ್ಜುನವಿಜಯ’ದಲ್ಲಿ ಅರ್ಜುನನೆಂದರೆ ತನ್ನ ಒಡೆಯನಾದ ಅರಿಕೇಸರಿಯೇ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಭೀಮನಲ್ಲಿ ಚಾಲುಕ್ಯ ರಾಜಕುಮಾರ ಸತ್ಯಾಶ್ರಯನನ್ನು ಕಂಡು ‘ಸಾಹಸಭೀಮವಿಜಯ’ವನ್ನು ಬರೆದ. ಕಲ್ಯಾಣದ ಆ ಅರಸರ ಬಿರುದುಗಳನ್ನು ಕೇಳಿದರೆ ಗರಡಿಯೊಂದರ ಹಾಜರಿಪಟ್ಟಿಯನ್ನು ಓದಿದಂತಾಗುತ್ತದೆ: ಆಹವಮಲ್ಲ, ತ್ರಿಭುವನಮಲ್ಲ, ಜಗದೇಕಮಲ್ಲ, ಭೂಲೋಕಮಲ್ಲ. ಕೊನೆಯ ಬಿರುದಿನ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವುಂಟು. ಜಟ್ಟಿಗಳನ್ನು ವಯಸ್ಸು ಬಲಗಳಿಗನುಸಾರವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಮೊದಲಾಗಿ ವಿಂಗಡಿಸಿ, ಅವರ ಆಹಾರ, ಅಭ್ಯಾಸ, ಪಟ್ಟುಗಳನ್ನು ಅರಸನು ವಿವರಿಸಿದ್ದಾನೆ. ಅಮೆರಿಕೆಯ ಆಟದಲ್ಲಿ ವೀರನು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾನೆ. ಆ ಮೆಟ್ಟಿಲುಗಳಿಗೆ ಹೆಸರು ಹುಡುಕಲು ದೂರ ಹೋಗಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ದಕ್ಷಿಣದಿಂದ ಹೋದ ಬೋಧಿಧರ್ಮನು ಚೀನದ ಶಾವೊಲಿನ್ ಮಠದಲ್ಲಿ ಮಲ್ಲವಿದ್ಯೆಯನ್ನು ಕಲಿಸಿದನೆಂಬ ಕಥೆಯನ್ನು ಹಲವರು ಚರಿತ್ರೆಯೆಂದೇ ನಂಬುತ್ತಾರೆ. ಆ ನಂಟನ್ನು ಸಾರುವ ಗ್ರಂಥ ಹದಿನೇಳನೆಯ ಶತಮಾನದ್ದು. ಬೋಧಿಧರ್ಮನು ಅದಕ್ಕಿಂತ ಸಾವಿರ ವರ್ಷ ಹಿಂದಿನವನು. ಕಥೆಯಾಗಿ ಅದನ್ನು ಆಟದಲ್ಲಿ ಬಳಸಲು ಅಡ್ಡಿಯಿಲ್ಲ. ಕಥೆಯೆಂದು ತಿಳಿದು ಬಳಸಬೇಕು, ಅಷ್ಟೆ.

*ಸಾರಥಿಯ ಕೆಲಸ*

ಮೇಜಿನ ಮುಂದೆ ಕೂಡುವ ಯಜಮಾನನ ಕೆಲಸವೇನೆಂಬುದನ್ನು ತಿಳಿಯಬೇಕಾದರೆ ದೊಡ್ಡಾಟವನ್ನು ನೋಡಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ರೈತರು ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ಮಾಡಿ ಬಯಲಿನಲ್ಲಿ ಬೆಳಗಿನವರೆಗೆ ಆಡುವ ಆಟವದು. ಅಭ್ಯಾಸಕ್ಕೂ ಇಲ್ಲಿ ತಾಲೀಮೆಂದೇ ಹೆಸರು, ಗರಡಿಯ ಸಾಮಿಗೂ ತಾಲೀಮೆಂದೇ ಹೆಸರು. ಹಗಲೆಲ್ಲ ಗಳೆ ಹೊಡೆದವನು ರಾತ್ರಿ ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ತೊಟ್ಟು, ಗೆಜ್ಜೆಗಾಲಿನಿಂದ ಅಟ್ಟ ನಡುಗುವಂತೆ ಕುಣಿಯುತ್ತ ಬಂದನೆಂದರೆ ಅವನನ್ನು ಹೆಸರು ಹಿಡಿದು ಕರೆಯಲು ಹೆಂಡತಿಗೂ ಧೈರ್ಯವಾಗಲಿಕ್ಕಿಲ್ಲ.

ಇಷ್ಟೆಲ್ಲ ಆರ್ಭಟದ ನಡುವೆ ಸಾದಾ ಉಡುಪಿನಲ್ಲಿ ನಿಂತಿರುವವನು ಸಾರಥಿ. ಬಂದ ಪಾತ್ರವನ್ನು ಅವನು ಮಾತನಾಡಿಸುತ್ತಾನೆ. ತಾವು ಯಾರು, ಯಾವ ಪಟ್ಟಣ, ತಂದೆತಾಯಿಗಳಾರು, ಇಲ್ಲಿಗೆ ಬಂದ ಕಾರಣವೇನು? ವೀರನು ಜಂಬದಿಂದ ಉತ್ತರಿಸುತ್ತಾನೆ. ಜಂಬ ಮಿತಿಮೀರಿದರೆ ಸಾರಥಿಯ ಒಂದು ಚುಚ್ಚುಮಾತಿಗೆ ನೆರೆದ ಮಂದಿಯೆಲ್ಲ ನಗುತ್ತಾರೆ. ಮಾತು ಮರೆತವನಿಗೆ ಪ್ರಶ್ನೆಯ ರೂಪದಲ್ಲಿಯೇ ಮಾತನ್ನು ಎತ್ತಿಕೊಡುವವನೂ ಅವನೇ. ಶತ್ರುವಲ್ಲ, ಮಿತ್ರನೂ ಅಲ್ಲ. ಆಟ ನಿಲ್ಲದಂತೆ ನೋಡಿಕೊಳ್ಳುವವನು. ಮೇಜಿನ ಯಜಮಾನರಲ್ಲಿ ಅನೇಕರು ತಾವು ಗೆಲ್ಲಬೇಕೆಂಬ ಹಟದಿಂದ ಆಟವನ್ನು ಕೆಡಿಸುತ್ತಾರೆ. ಅವರು ಒಂದು ರಾತ್ರಿ ದೊಡ್ಡಾಟದ ಮುಂದೆ ಕಂಬಳಿ ಹಾಸಿಕೊಂಡು ಕುಳಿತು ನೋಡುವುದು ಲೇಸು. ಅಂಥ ರಾತ್ರಿಗಳು ಈಗ ವಿರಳವಾಗಿವೆಯೆಂಬುದು ಬೇರೆ ಮಾತು. ಬಾಗಲಕೋಟೆಯಲ್ಲಿ ಬಯಲಾಟಕ್ಕೆಂದೇ ಸರ್ಕಾರದ ಅಕಾಡೆಮಿಯೊಂದು ನೆಲೆಗೊಂಡಿದೆ. ಆದರೆ ತಾಲೀಮಿಗೆ ರಾತ್ರಿಯ ನಿದ್ದೆ ಕೆಡುವ ಹುಡುಗರನ್ನು ಅಕಾಡೆಮಿ ಎಲ್ಲಿಂದ ತರಬೇಕು?

ದಾಳದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅಮೆರಿಕೆಯವರು ಇಪ್ಪತ್ತು ಮುಖಗಳ ದಾಳವನ್ನು ಉರುಳಿಸುತ್ತಾರೆ. ಇಲ್ಲಿ ಚೌಕಾಬಾರದ ನಾಲ್ಕು ಕವಡೆಗಳು ಸಾಕು. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುವುದೆಂದು ಎಣಿಸಿದರೆ, ಹದಿನಾರು ಸಲ ಎಸೆದಾಗ ಸರಾಸರಿ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು ಬೀಳುತ್ತದೆ. ನಾಲ್ಕು ಮತ್ತು ಎಂಟು ಒಂದೊಂದೇ ಸಲ. ದಿನದ ಹೋರಾಟವೆಲ್ಲ ಎರಡು ಮೂರರಲ್ಲಿ ನಡೆದು, ಅಪರೂಪದ ಎಂಟು ಬಿದ್ದಾಗ ಮಾತ್ರ ದೈವ ಒಲಿಯಿತೆನ್ನಬಹುದು. ಜೂಜಿನಲ್ಲಿ ರಾಜ್ಯ ಕಳೆದುಕೊಂಡವರ ಕಥೆಯನ್ನು ಮತ್ತೆ ಜೂಜಿನಿಂದಲೇ ಆಡುವುದು ತಮಾಷೆಯೇ ಸರಿ!

*ಯಾವ ವೀರ?*

ನಾಯಕನ ಆಯ್ಕೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಸಂಗೊಳ್ಳಿ ರಾಯಣ್ಣನನ್ನು ಆರಿಸಿಕೊಂಡು ಅವನಿಗೆ ಹಾರುವ ಶಕ್ತಿಯನ್ನು ಕೊಟ್ಟರೆ ಹೇಗೆ? ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಅವನ ಸಮಾಧಿಗೆ ಜನ ಇಂದಿಗೂ ಮಕ್ಕಳಿಗಾಗಿ ತೊಟ್ಟಿಲ ಹರಕೆ ಹೊರುತ್ತಾರೆ. ಹಾರಬಲ್ಲವನನ್ನು ಗಲ್ಲಿಗೇರಿಸುವುದು ಹೇಗೆ? ಶಕ್ತಿ ಕೊಡಹೋಗಿ ಅವನ ಮರಣದ ಬೆಲೆಯನ್ನೇ ಕಸಿದುಕೊಂಡಂತಾಗುತ್ತದೆ. ಸಮೀಪದ ಚರಿತ್ರೆಯವರನ್ನು ಅವರ ಪಾಡಿಗೆ ಬಿಡುವುದು ಮೇಲು.

ಕುಮ್ಮಟದುರ್ಗದ ಕುಮಾರರಾಮನು ಈ ಕೆಲಸಕ್ಕೆ ತಕ್ಕವನು. 1327ರ ಸುಮಾರಿಗೆ ದಿಲ್ಲಿಯ ಸೈನ್ಯದೆದುರು ಮಡಿದ ಕಂಪಿಲರಾಯನ ಮಗನೀತ. ಕವಿಗಳೂ ಬಯಲಾಟದವರೂ ಅವನನ್ನು ಈಗಾಗಲೇ ಅರ್ಧ ಪುರಾಣಪುರುಷನನ್ನಾಗಿ ಮಾಡಿಬಿಟ್ಟಿದ್ದಾರೆ. ಅವನ ಬಿರುದು ಪರದಾರಸೋದರ, ಪರಸ್ತ್ರೀಯರೆಲ್ಲರಿಗೂ ಅಣ್ಣ. ದಂಡುಗಳನ್ನು ಗೆದ್ದವನು ಮಲತಾಯಿಯ ಸುಳ್ಳು ಆಪಾದನೆಯೆದುರು ನಿರಾಯುಧನಾಗುತ್ತಾನೆ. ತಂದೆ ಮರಣದಂಡನೆ ವಿಧಿಸುತ್ತಾನೆ. ಮಂತ್ರಿ ಅವನನ್ನು ನೆಲಮನೆಯಲ್ಲಿ ಅಡಗಿಸಿಡುತ್ತಾನೆ. ಶತ್ರು ಮತ್ತೆ ಬಂದಾಗ ಸತ್ತವನೆಂದು ಊರೆಲ್ಲ ನಂಬಿದ್ದವನು ಹೊರಬರಬೇಕು. ಕೊನೆಗೆ ದಿಲ್ಲಿಯ ಕಡೆಯಿಂದ ಆಯುಧ ಹಿಡಿದು ಎದುರು ನಿಲ್ಲುವವಳು ಮಾತಂಗಿಯೆಂಬ ಹೆಣ್ಣು. ಎಂಟು ಹತ್ತು ವಾರಗಳ ಆಟಕ್ಕೆ ಇಷ್ಟು ಸಾಕಲ್ಲವೆ? ಇಲ್ಲಿ ದಿಲ್ಲಿಯವರನ್ನೆಲ್ಲ ಬರಿಯ ರಾಕ್ಷಸರನ್ನಾಗಿ ಮಾಡುವ ಚಪಲವನ್ನು ತಡೆಯಬೇಕು. ಫಣಿರಾಜಕೇತನನಿಗೆ ರನ್ನನು ಕೊಟ್ಟ ಘನತೆಯನ್ನು ಎದುರಾಳಿಗೆ ಕೊಡದಿದ್ದರೆ ನಾಯಕನೂ ಸಣ್ಣವನಾಗುತ್ತಾನೆ.

ಇನ್ನು ಚಿಕ್ಕಪುಟ್ಟ ಸಾಹಸಗಳಿಗೆ ಧಾರವಾಡ ಸೀಮೆಯ ವೀರಗಲ್ಲುಗಳೇ ಗಣಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹದಲ್ಲಿಯೂ ಅನೇಕ ಹಳ್ಳಿಗಳ ಹೊರವಲಯದಲ್ಲಿಯೂ ಅವು ನಿಂತಿವೆ. ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿದವನು, ಹೆಣ್ಣಿನ ಮಾನ ಕಾಯಲು ಹೋದವನು, ಊರಿನ ಗಡಿಗಾಗಿ ಬಿದ್ದವನು. ಇವರಾರೂ ಲೋಕವನ್ನುಳಿಸಲು ಹೊರಟವರಲ್ಲ. ನಲವತ್ತು ಆಕಳುಗಳನ್ನು ಮರಳಿ ತರಲು ಹೋದವರು. ಮಂಡ್ಯ ಸೀಮೆಯ ಆತಕೂರಿನ ಕಲ್ಲಿನಲ್ಲಂತೂ, ತಕ್ಕೋಲದ ಕಾಳಗದ ಸಾಹಸಿ ಮಣಲೇರನ ನಾಯಿ ‘ಕಾಳಿ’ ಹಂದಿಯೊಡನೆ ಹೋರಾಡಿ ಸತ್ತ ಕಥೆ ಕೆತ್ತಿದೆ. 950ರ ಸುಮಾರಿನ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಆಟದಲ್ಲಿ ವೀರನು ಸತ್ತರೆ ಏನು ಮಾಡಬೇಕೆಂಬುದು ಪ್ರತಿಯೊಂದು ಮೇಜಿನ ಜಗಳ. ಹೊಸ ಪಾತ್ರ ಹಿಡಿದು ಮರುಕ್ಷಣವೇ ಬಂದರೆ ಸಾವಿಗೆ ಬೆಲೆಯಿಲ್ಲ. ಆಡಲೇಬೇಡವೆಂದರೆ ಹುಡುಗ ಮುಖ ಸಿಂಡರಿಸಿ ಎದ್ದುಹೋಗುತ್ತಾನೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಲಗೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕೊಂಡೊಯ್ಯುವುದು, ಮೇಲೆ ದೇವರ ಸನ್ನಿಧಿ. ಸತ್ತ ಪಾತ್ರದ ಆಟಗಾರನು ಆ ವಾರ ಉಳಿದವರ ಮುಂದೆ ತನ್ನ ವೀರನಿಗೊಂದು ಕಲ್ಲು ನಿಲ್ಲಿಸಲಿ. ಮೂರು ಹಲಗೆಗಳಲ್ಲಿ ಏನು ಕೆತ್ತಬೇಕೆಂಬುದನ್ನು ತನ್ನ ಬಾಯಿಂದಲೇ ಹೇಳಲಿ. ಮುಂದಿನ ವಾರ ಅವನ ಹೊಸ ಪಾತ್ರವು ಆ ಕಲ್ಲಿನ ಮುಂದೆ ಹಾದು, ಊರಬಾಗಿಲಲ್ಲಿ ನಿಂತ ಸಾರಥಿಗೆ ತಾನು ಯಾರು, ಯಾವ ಊರು, ಬಂದ ಕಾರಣವೇನೆಂದು ಹೇಳುತ್ತ ಒಳಗೆ ಬರಲಿ.