ಟಿ.ಸಿ. ಬರಲಿ, ಆಮೇಲೆ ನೋಡೋಣ ಎನ್ನಬೇಡಿ

ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿಯುವ ಹೊರಗಿನವರೆಲ್ಲ ಬೇಲೂರು, ಹಳೇಬೀಡು ನೋಡಲು ಬಂದವರಲ್ಲ. ಬೇಲೂರು ಸೀಮೆಯ ಕಾಫಿ ತೋಟಗಳಿಗೆ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬರುವವರಿದ್ದಾರೆ, ವರ್ಗವಾಗಿ ಬರುವ ರೈಲ್ವೆ ನೌಕರರಿದ್ದಾರೆ, ಮುಂಬೈ, ಪುಣೆ ಬಿಟ್ಟು ಊರಿಗೆ ಮರಳುವ ನಮ್ಮವರೂ ಇದ್ದಾರೆ. ಮಕ್ಕಳನ್ನು ಶಾಲೆಗೆ ಸೇರಿಸುವ ಮಾತು ಬಂದರೆ ಇವರಿಗೆಲ್ಲ ಸಿಗುವ ಪುಕ್ಕಟೆ ಸಲಹೆಗಳಲ್ಲಿ ತಪ್ಪು ಬಹಳ.

ತಪ್ಪು ಕಲ್ಪನೆ: ಹಳೆಯ ಶಾಲೆಯ ವರ್ಗಾವಣೆ ಪ್ರಮಾಣಪತ್ರ (ಟಿ.ಸಿ.) ಬರುವವರೆಗೆ ಸೇರಿಸಿಕೊಳ್ಳುವುದಿಲ್ಲ.
ಸತ್ಯ: 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ರಾಜ್ಯ ಬಿಟ್ಟು ಬಂದ ಮಗುವಿಗೂ ಅನ್ವಯ. ಎಂಟನೇ ತರಗತಿವರೆಗೆ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಗೆ ವರ್ಗವಾಗುವುದು ಮಗುವಿನ ಹಕ್ಕು. ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. ಅದನ್ನು ಕೊಡಲು ಸತಾಯಿಸುವ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮಕ್ಕೂ ಅವಕಾಶವಿದೆ.

ತಪ್ಪು ಕಲ್ಪನೆ: ಆಧಾರ್, ಜನನ ಪ್ರಮಾಣಪತ್ರ ಇರಲೇಬೇಕು.
ಸತ್ಯ: ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದು ಎಂದು ಅದೇ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ತೀರ್ಪು ಕೊಟ್ಟಿದೆ.

ತಪ್ಪು ಕಲ್ಪನೆ: ಜೂನ್ ದಾಟಿದರೆ ಮುಂದಿನ ವರ್ಷವೇ ಗತಿ.
ಸತ್ಯ: ಕಾಫಿ ಕುಯ್ಲು ಶುರುವಾಗುವುದೇ ನವೆಂಬರ್ ಹೊತ್ತಿಗೆ, ಕಾರ್ಮಿಕರು ಬರುವುದೂ ಆಗಲೇ. ಪ್ರವೇಶದ ಅವಧಿ ಮುಗಿದ ಮೇಲೆ ಬಂದ ಮಗುವನ್ನೂ ವಾಪಸ್ ಕಳಿಸುವಂತಿಲ್ಲ. ತೋಟದ ಮಾಲೀಕರು, ರೈಟರ್‌ಗಳು ಇದನ್ನು ತಿಳಿದಿರಲೇಬೇಕು: ಕುಯ್ಲು ಮುಗಿಯುವವರೆಗೆ ಮಗು ಲೈನ್ ಮನೆಯಲ್ಲೇ ಉಳಿದರೆ ಅದರ ಒಂದು ವರ್ಷ ಹೋದಂತೆಯೇ.

ತಪ್ಪು ಕಲ್ಪನೆ: ಕನ್ನಡ ಬಾರದ ಮಗುವನ್ನು ಒಂದನೇ ತರಗತಿಗೇ ಹಾಕಬೇಕು.
ಸತ್ಯ: ಪ್ರವೇಶಕ್ಕೆ ಪರೀಕ್ಷೆ ನಡೆಸುವುದೇ ಕಾನೂನುಬಾಹಿರ. ಶಾಲೆ ಬಿಟ್ಟಿದ್ದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದನ್ನು ವಿಶೇಷ ತರಬೇತಿಯಲ್ಲಿ ತುಂಬಿಸಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಕನ್ನಡವನ್ನು ಒಂದು ಭಾಷೆಯಾಗಿ ಕಲಿಯಬೇಕು, ನಿಜ. ಆದರೆ ಅದು ಶಾಲೆಯೊಳಗೆ ಕಲಿಯುವುದು, ಕಲಿತು ಬರಬೇಕಾದದ್ದಲ್ಲ.

ತಪ್ಪು ಕಲ್ಪನೆ: ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಸೀಟು ಕೇಳಿದರೆ ಯಾವ ಖಾಸಗಿ ಶಾಲೆಯಲ್ಲಾದರೂ ಉಚಿತ.
ಸತ್ಯ: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಕರ್ನಾಟಕದಲ್ಲಿ 2019-20ರಿಂದ ಆ ಸೀಟು ಸಿಗುವುದಿಲ್ಲ. ಸರ್ಕಾರಿ ಶಾಲೆಯಲ್ಲಾದರೆ ಬಿಸಿಯೂಟ, ಹಾಲು, ಪಠ್ಯಪುಸ್ತಕ ಎಲ್ಲವೂ ಉಚಿತ.

ಒಂದು ಎಚ್ಚರಿಕೆಯೂ ಬೇಕು. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿವರೆಗೆ ಮಾತ್ರ. ಒಂಬತ್ತು, ಹತ್ತಕ್ಕೆ ಸೇರುವವರು ಟಿ.ಸಿ., ಅಂಕಪಟ್ಟಿಯನ್ನು ಊರು ಬಿಡುವ ಮೊದಲೇ ಪಡೆದು, ಟಿ.ಸಿ.ಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿಕೊಳ್ಳುವುದು ಜಾಣತನ.

ಶಾಲೆಯವರು ಒಪ್ಪದಿದ್ದರೆ ಜಗಳಕ್ಕಿಳಿಯಬೇಡಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಕಾಣಿ, ಆಗಲೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಳೇಬೀಡಿನವರು ಹೋಗಬೇಕಾದದ್ದು ಬೇಲೂರಿನ ಕಚೇರಿಗೆ, ಅರಸೀಕೆರೆಗಲ್ಲ. ಮಗು ಮೊದಲು ತರಗತಿಯಲ್ಲಿ ಕೂರಲಿ; ಕಾಗದಪತ್ರ ಹಿಂದಿನಿಂದ ಬಂದರೂ ನಡೆಯುತ್ತದೆ.