ನಿಮಗಿದು ಗೊತ್ತೇ? ಸೋಲಾರ್ ಪ್ಯಾನೆಲ್‌ಗೂ ಸೆಕೆಯಾಗುತ್ತದೆ!

ತೋಟದ ಶೆಡ್ಡಿನ ತಗಡಿನ ಮೇಲೆ 100 ವಾಟ್‌ನ ಒಂದು ಪ್ಯಾನೆಲ್. ಒಳಗೊಂದು ಬ್ಯಾಟರಿ. ಎರಡರ ನಡುವೆ ಅಂಗೈಯಗಲದ ಚಾರ್ಜ್ ಕಂಟ್ರೋಲರ್. ಸಂಜೆಗೆ ಎರಡು ಬಲ್ಬು, ಮೊಬೈಲ್ ಚಾರ್ಜು, ಒಂದು ಪುಟ್ಟ ಫ್ಯಾನು. ಇಷ್ಟೇ ಸಂಸಾರ! ಆದರೆ ಇದರೊಳಗಿನ ವಿಚಿತ್ರಗಳು ಒಂದೆರಡಲ್ಲ.

ಬಿಸಿಲು ಉರಿದಷ್ಟೂ ಕರೆಂಟು ಜಾಸ್ತಿ ಅಂದುಕೊಂಡಿದ್ದೀರಾ? ಅರ್ಧ ಮಾತ್ರ ಸರಿ! ಪ್ಯಾನೆಲ್‌ಗೆ ಬೆಳಕು ಬೇಕು, ಬಿಸಿ ಬೇಡ. ಹಿಂಬದಿಯ ಚೀಟಿಯಲ್ಲಿರುವ 100 ವಾಟ್, ಸೆಲ್‌ಗಳು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಾಗಿನ ಲೆಕ್ಕ. ಅಲ್ಲಿಂದಾಚೆ ಒಂದೊಂದು ಡಿಗ್ರಿ ಏರಿದಂತೆ ಹೆಚ್ಚುಕಡಿಮೆ ಶೇ. 0.4ರಷ್ಟು ಶಕ್ತಿ ಇಳಿಯುತ್ತದೆ. ರಾಯಚೂರಿನ ಬೇಸಗೆಯಲ್ಲಿ ಪ್ಯಾನೆಲ್ 65 ಡಿಗ್ರಿಗೆ ಕಾದರೆ 16 ವಾಟ್ ಮಂಗಮಾಯ! ಅದಕ್ಕೇ ಅದನ್ನು ಕಾದ ತಗಡಿಗೆ ಅಂಟಿಸಿ ಕೂರಿಸಬಾರದು. ನಾಲ್ಕಾರು ಇಂಚು ಎತ್ತರಿಸಿ, ಅಡಿಯಲ್ಲಿ ಗಾಳಿಯಾಡಲು ಬಿಡಿ.

ಸೂರ್ಯನಿಂದ ಹೊರಟ ಬೆಳಕು ನಿಮ್ಮ ಶೆಡ್ಡಿಗೆ ಬರಲು ತೆಗೆದುಕೊಳ್ಳುವುದು ಸುಮಾರು 8 ನಿಮಿಷ 20 ಸೆಕೆಂಡು. ಅಷ್ಟರಲ್ಲಿ ಕಾಫಿ ಕಾಸಿ ಕುಡಿಯಬಹುದು!

ಈಗ ಎಲ್ಲಕ್ಕಿಂತ ಸೋಜಿಗದ್ದು. ಪ್ಯಾನೆಲ್‌ನ ಒಂದು ಮೂಲೆಯ ಮೇಲೆ ಅಡಿಕೆ ಸೋಗೆಯ ನೆರಳು ಬಿತ್ತೆನ್ನಿ. ಎಷ್ಟು ನಷ್ಟ? ನೆರಳು ಬಿದ್ದಷ್ಟು ಜಾಗದ್ದು ಮಾತ್ರ ಅನ್ನುತ್ತೀರಿ. ಅಲ್ಲ! ಒಂದೊಂದು ಸೆಲ್ ಕೊಡುವುದು ಬರೀ ಅರ್ಧ ವೋಲ್ಟ್ ಚಿಲ್ಲರೆ. ಅಂಥ 36 ಸೆಲ್‌ಗಳನ್ನು ಸಾಲಾಗಿ ಪೋಣಿಸಿದರೆ ‘12 ವೋಲ್ಟ್’ ಪ್ಯಾನೆಲ್. ಗದ್ದೆಯ ಬದುವಿನ ಮೇಲೆ ಸಾಲಾಗಿ ಹೋಗುವಾಗ ಒಬ್ಬರು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕಲ್ಲ, ಹಾಗೇ ಇದು. ಒಂದು ಸೆಲ್ ಮಬ್ಬಾದರೆ ಅರ್ಧ ಪ್ಯಾನೆಲ್ಲೇ ಸುಮ್ಮನಾಗಬಹುದು! ಇನ್ನೂ ತಮಾಷೆ ಕೇಳಿ. ನೆರಳಿಗೆ ಸಿಕ್ಕ ಆ ಸೆಲ್ ಕರೆಂಟು ಕೊಡುವುದಿರಲಿ, ಉಳಿದ ಸೆಲ್‌ಗಳ ಕರೆಂಟನ್ನೇ ತಿಂದು ಬಿಸಿಯೇರುತ್ತದೆ! ಅದು ಸುಟ್ಟುಹೋಗದಿರಲಿ ಎಂದೇ ಹಿಂಬದಿಯ ಡಬ್ಬಿಯಲ್ಲಿ ಪುಟ್ಟ ಡಯೋಡ್‌ಗಳನ್ನು ಇಟ್ಟಿರುತ್ತಾರೆ. ಕಾಗೆ ಹಿಕ್ಕೆಯೂ ನೆರಳೇ, ಹಗುರವಾಗಿ ಕಾಣಬೇಡಿ.

ಅಂದಹಾಗೆ, ಆ ‘12 ವೋಲ್ಟ್’ ಅನ್ನುವುದೇ ಅರ್ಧ ಸುಳ್ಳು! ಬಿಸಿಲಲ್ಲಿ ಕೆಲಸ ಮಾಡುವಾಗ ಅದರ ವೋಲ್ಟೇಜ್ 18ರ ಆಸುಪಾಸು. ಏನೂ ಜೋಡಿಸದೆ ಮೀಟರ್ ಹಿಡಿದರೆ 21 ದಾಟುತ್ತದೆ. ಬ್ಯಾಟರಿಗೆ ತುಂಬಬೇಕಾದರೆ ಅದಕ್ಕಿಂತ ಮೇಲಿರಲೇಬೇಕಲ್ಲ!

ಪ್ಯಾನೆಲ್‌ಗೆ ಸ್ವಿಚ್ಚೇ ಇಲ್ಲ, ಗಮನಿಸಿದ್ದೀರಾ? ಬೆಳಕು ಬಿದ್ದಷ್ಟು ಹೊತ್ತು ಅದರ ವೈರಿನ ತುದಿ ಜೀವಂತ. ಆರಿಸಬೇಕೆಂದರೆ ಕಂಬಳಿ ಹೊದಿಸಿ!

ಬೆಳದಿಂಗಳಲ್ಲೂ ಚಾರ್ಜ್ ಆಗುತ್ತದಾ ಎಂದು ಕೆಲವರು ಕೇಳುತ್ತಾರೆ. ಹುಣ್ಣಿಮೆ ಚಂದ್ರನ ಬೆಳಕು ಸೂರ್ಯನದ್ದಕ್ಕಿಂತ ಸುಮಾರು 4 ಲಕ್ಷ ಪಟ್ಟು ಮಂದ. ನೀವೇ ಲೆಕ್ಕ ಹಾಕಿ!

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು ಅನ್ನುತ್ತಾರೆ. ಆದರೆ ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿನಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಮಧ್ಯಾಹ್ನದ ಸೂರ್ಯ ಇರುವುದು ಉತ್ತರದಲ್ಲಿ! ಆ ಎರಡು ದಿನಗಳಂದು ಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಹಾಗಾದರೆ ಪ್ಯಾನೆಲ್ ತಿರುಗಿಸಬೇಕೇ? ಬೇಡ. ಅಲ್ಲಿನ ಅಕ್ಷಾಂಶ 13 ಡಿಗ್ರಿ, ವಾಲಿಕೆಯೂ ಅಷ್ಟೇ ಇಟ್ಟರೆ ಜೂನ್ 21ರ ನಡುಮಧ್ಯಾಹ್ನದಲ್ಲೂ ತಪ್ಪುವುದು ಶೇ. 8ರಷ್ಟು ಬಿಸಿಲು ಮಾತ್ರ. ಮಳೆನೀರು ದೂಳು ತೊಳೆದುಕೊಂಡು ಜಾರಿಹೋಗಲೂ ಆ ವಾಲಿಕೆ ಬೇಕು.

ಒಂದು ಯೂನಿಟ್ ಕರೆಂಟು ಮಾಡಲು ನಿಮ್ಮ 100 ವಾಟ್ ಪ್ಯಾನೆಲ್ ಎಷ್ಟು ದುಡಿಯಬೇಕು? ಒಳ್ಳೆಯ ಬಿಸಿಲಿದ್ದರೂ ಎರಡು ದಿನಕ್ಕಿಂತ ಹೆಚ್ಚು! ನಗಬೇಡಿ. 9 ವಾಟ್‌ನ ಎಲ್‌ಇಡಿ ಬಲ್ಬನ್ನು ಅದೇ ಒಂದು ಯೂನಿಟ್‌ನಲ್ಲಿ ನೂರು ಗಂಟೆಗೂ ಮೇಲೆ ಉರಿಸಬಹುದು.

ಹಾಗಾದರೆ ಈ ದುಡಿಮೆಯನ್ನು ಕದಿಯುವವರು ಯಾರು? ಬ್ಯಾಟರಿಯ 12 ವೋಲ್ಟನ್ನು 230 ವೋಲ್ಟ್ ಮಾಡುವ ಇನ್ವರ್ಟರ್! ಏನನ್ನೂ ನಡೆಸದೆ ಬರೀ ಆನ್ ಆಗಿದ್ದರೂ ಅದಕ್ಕೆ ತನ್ನ ಹೊಟ್ಟೆಪಾಡಿದೆ. 10 ವಾಟ್ ತಿನ್ನುವ ಇನ್ವರ್ಟರನ್ನು ಹಗಲೂ ರಾತ್ರಿ ಹಾಗೇ ಬಿಟ್ಟರೆ ದಿನಕ್ಕೆ 240 ವಾಟ್-ಅವರ್ ಖಾಲಿ. ದಿನದ ದುಡಿಮೆಯ ಅರ್ಧಕ್ಕೂ ಹೆಚ್ಚು! ಶೆಡ್ಡಿಗೆ 12 ವೋಲ್ಟ್‌ನ ಡಿಸಿ ಬಲ್ಬು, ಡಿಸಿ ಫ್ಯಾನು ಹಾಕಿದರೆ ಈ ಬಾಯಿಯೇ ಬೇಡ.

12 ವೋಲ್ಟ್ ಅಂದರೆ ಕಡಿಮೆ, ಹಾಗಾಗಿ ತೆಳು ವೈರು ಸಾಕು ಅನ್ನಿಸುತ್ತದೆ. ತಿರುವುಮುರುವು! ಅಷ್ಟೇ ವಾಟ್ ಸಾಗಿಸಲು 12 ವೋಲ್ಟ್‌ನಲ್ಲಿ 230 ವೋಲ್ಟ್‌ಗಿಂತ 19 ಪಟ್ಟು ಹೆಚ್ಚು ಆಂಪಿಯರ್ ಹರಿಯಬೇಕು. ಅದೇ ವೈರಿನಲ್ಲಿ ಬಿಸಿಯಾಗಿ ಪೋಲಾಗುವುದು 360 ಪಟ್ಟಿಗೂ ಹೆಚ್ಚು! ವೈರು ದಪ್ಪಗಿರಲಿ, ಗಿಡ್ಡವಾಗಿರಲಿ.

12 ವೋಲ್ಟ್ ಬ್ಯಾಟರಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಎರಡು ಟರ್ಮಿನಲ್‌ಗೂ ತಾಗುವಂತೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ನುಗ್ಗಿ ಕಿಡಿ ಹಾರುತ್ತದೆ! ಕೈಯಲ್ಲಿ ಉಂಗುರವಿದ್ದರೆ ಮೊದಲು ತೆಗೆದಿಡಿ. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಇರಲಿ.

ಆಸಿಡ್ ಬ್ಯಾಟರಿ ಹುಟ್ಟಿದ್ದು 1859ರಲ್ಲಿ, ಫ್ರಾನ್ಸ್‌ನ ಗಾಸ್ಟನ್ ಪ್ಲಾಂಟೆ ಕೈಯಲ್ಲಿ. ಎಡಿಸನ್ನನ ಬಲ್ಬಿಗಿಂತ ಇಪ್ಪತ್ತು ವರ್ಷ ಹಿರಿದು! ಇಂದಿಗೂ ಅದೇ ಸೀಸ, ಅದೇ ಗಂಧಕಾಮ್ಲ, ಅದೇ ಡಿಸ್ಟಿಲ್ಡ್ ವಾಟರ್. ಇನ್ನು ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ ಜಾನ್ ಗುಡಿನಫ್ ಅವರಿಗೆ 2019ರಲ್ಲಿ ನೊಬೆಲ್ ಬಂದಾಗ ಅವರಿಗೆ 97 ವರ್ಷ. ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ!

ಬೆಳಕಿನಿಂದ ವಿದ್ಯುತ್ ಹುಟ್ಟುತ್ತದೆಂದು 1839ರಲ್ಲಿ ಕಂಡುಹಿಡಿದವನು ಹತ್ತೊಂಬತ್ತರ ಹುಡುಗ, ಎಡ್ಮಂಡ್ ಬೆಕೆರಲ್. ಅಮೆರಿಕದ ಬೆಲ್ ಲ್ಯಾಬ್ಸ್ 1954ರಲ್ಲಿ ಸಿಲಿಕಾನ್ ಸೆಲ್ಲನ್ನು ಲೋಕಕ್ಕೆ ತೋರಿಸಿದಾಗ ಅದರಿಂದ ತಿರುಗಿಸಿದ್ದೇನು ಗೊತ್ತೇ? ಜಾತ್ರೆಯ ಜಯಂಟ್ ವ್ಹೀಲ್‌ನ ಆಟಿಕೆ!

ವ್ಯಾನ್‌ಗಾರ್ಡ್-1 ಉಪಗ್ರಹ 1958ರಲ್ಲಿ ಹಾರಿತು. ತೂಕ ಬರೀ ಒಂದೂವರೆ ಕಿಲೋ. ಬ್ಯಾಟರಿಯಿಂದ ನಡೆಯುತ್ತಿದ್ದ ರೇಡಿಯೊ ಅದೇ ವರ್ಷ ಜೂನ್‌ನಲ್ಲೇ ಬಾಯಿ ಮುಚ್ಚಿತು. ಸೋಲಾರ್‌ನಿಂದ ನಡೆದ ಪುಟ್ಟ ರೇಡಿಯೊ? 1964ರವರೆಗೆ ಮಾತಾಡುತ್ತಲೇ ಇತ್ತು!

ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್‌ನದು. ನಿಮ್ಮ ಶೆಡ್ಡಿನ ಪ್ಯಾನೆಲ್ ಲೆಕ್ಕದಲ್ಲಿ 2 ಕೋಟಿ 5 ಲಕ್ಷ ಶೆಡ್ಡುಗಳು! ಅಷ್ಟೂ ಪ್ಯಾನೆಲ್‌ಗಳು ನಿಂತ ಸುಮಾರು 13,000 ಎಕರೆಯಲ್ಲಿ ಬಹುಪಾಲು ರೈತರದ್ದೇ ಜಮೀನು. ಕೊಂಡಿದ್ದಲ್ಲ, ಗುತ್ತಿಗೆಗೆ ಪಡೆದದ್ದು.

ಮಲೆನಾಡಿನವರು ಐಬೆಕ್ಸ್ ಬೇಲಿ ಅನ್ನುತ್ತಾರಲ್ಲ, ಆ ಸೋಲಾರ್ ಬೇಲಿಯಲ್ಲಿ ಓಡುವುದು ಸಾವಿರಾರು ವೋಲ್ಟ್! ಹೊರಡುವುದು ಮಾತ್ರ ಅದೇ 12 ವೋಲ್ಟ್ ಬ್ಯಾಟರಿಯಿಂದ. ಒಂದೊಂದು ಸೆಕೆಂಡಿಗೆ ಒಂದು ಮಿಡಿತ, ಅದೂ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುತ್ತದೆ. ಆನೆ, ಹಂದಿ ಬೆದರುತ್ತವೆ, ಸಾಯುವುದಿಲ್ಲ. ಕಂಬದ ಕರೆಂಟನ್ನೇ ಬೇಲಿಗೆ ಕೊಟ್ಟರೆ ಕಥೆ ಬೇರೆ. ಅದು ಕೊಲ್ಲುತ್ತದೆ, ಅಪರಾಧವೂ ಹೌದು.

ಪ್ಯಾನೆಲ್ ಗಾಜು ಆಲಿಕಲ್ಲಿಗೆ ಹೆದರದು. 25 ಮಿಲಿಮೀಟರ್ ದಪ್ಪದ ಹಿಮದ ಗುಂಡನ್ನು ಗಂಟೆಗೆ 80 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಹೊಡೆದು ಪರೀಕ್ಷಿಸುತ್ತಾರೆ! ಮಾವಿನಕಾಯಿಗೆಂದು ಎಸೆದ ಕಲ್ಲಿಗೆ ಮಾತ್ರ ಯಾರೂ ಗ್ಯಾರಂಟಿ ಕೊಡುವುದಿಲ್ಲ. ಮಂಗಗಳ ಮಾತಂತೂ ಕೇಳಲೇಬೇಡಿ!

ಕೊನೆಗೊಂದು. ಜೋಡಿಸುವುದಕ್ಕೂ ಸರದಿ ಇದೆ! ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಸರದಿ ತಪ್ಪಿದರೆ ಎಷ್ಟೋ ಕಂಟ್ರೋಲರ್‌ಗಳು ಕೆಟ್ಟುಹೋಗುತ್ತವೆ. ಮರೆಯುವ ಮೊದಲೇ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿಡಿ!