ಮನದ ಗಾಯಕ್ಕೂ ಮದ್ದುಂಟು

೨೦೦೯ರ ಅಕ್ಟೋಬರ್ ಮೊದಲ ವಾರದಲ್ಲಿ ಕೃಷ್ಣೆ ತುಂಗಭದ್ರೆಗಳು ಉಕ್ಕಿ ಗದ್ವಾಲ, ಆಲಂಪುರ ಸೀಮೆಯ ಊರುಗಳನ್ನು ಮುಳುಗಿಸಿದವು. ನೀರು ಇಳಿಯಿತು, ಗೋಡೆಗಳು ಮತ್ತೆ ಎದ್ದವು. ಆದರೆ ಅಂಥ ದುರಂತದ ಬಳಿಕ ಮಳೆಯ ಸದ್ದಿಗೇ ಬೆಚ್ಚಿ ಏಳುವವರ ಲೆಕ್ಕ ಯಾವ ಪರಿಹಾರದ ಪಟ್ಟಿಯಲ್ಲೂ ಸೇರುವುದಿಲ್ಲ.

‘ಅಂಜಿಕೆ ಹೊಕ್ಕಿದೆ’ ಎಂದು ತಾಯತ ಕಟ್ಟಿಸುವುದು ನಮ್ಮಲ್ಲುಂಟು. ಕಟ್ಟಿಸಿದ ಹಿರಿಯರನ್ನು ಹಳಿಯಬೇಕಾಗಿಲ್ಲ; ಅದು ನೋವೆಂದು ಅವರೂ ಬಲ್ಲರು. ಆದರೆ ದುಃಸ್ವಪ್ನ, ಬೆಚ್ಚುವಿಕೆ, ಮಂಕು ತಿಂಗಳು ಮೀರಿ ಉಳಿದರೆ ಅದು ಚಿಕಿತ್ಸೆ ಬೇಡುವ ಗಾಯ. ತರಬೇತಿ ಪಡೆದವರ ಆಸರೆಯಲ್ಲಿ ಆ ಘಟನೆಯನ್ನು ಸ್ವಲ್ಪಸ್ವಲ್ಪವಾಗಿ ನೆನೆದು ನುಡಿದಾಗ ನೆನಪು ಅಳಿಯದು. ಅದರ ಮೊನೆ ಮೊಂಡಾಗುತ್ತದೆ.

ತೊಡಕಿರುವುದು ದಾರಿಯಲ್ಲಿ. ೨೦೧೫–೧೬ರ ರಾಷ್ಟ್ರೀಯ ಸಮೀಕ್ಷೆಯಂತೆ, ವಿವಿಧ ಮನೋವ್ಯಾಧಿಗಳಲ್ಲಿ ಶೇಕಡಾ ೭೦ರಿಂದ ೯೨ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ನಾರಾಯಣಪೇಟೆಯ ಬಡವರು ಕೂಲಿ ಬಿಟ್ಟು ವಾರವಾರವೂ ಹೈದರಾಬಾದಿಗೆ ಹೋಗುವುದೆಂತು? ಹೋದರೂ, ಮನೆಯಲ್ಲಿ ಕನ್ನಡವಾಡುವ ಮಕ್ತಲದ ಮುದುಕಿ ತನ್ನ ಸಂಕಟವನ್ನು ತೆಲುಗಿನಲ್ಲಿ ಪೂರ್ತಿ ಹೇಳಿಯಾಳೇ? ಸಂತೆಯ ವ್ಯವಹಾರ ಎರಡನೆಯ ನುಡಿಯಲ್ಲಿ ಸಾಗೀತು. ಅಳು ಬರುವುದು ತಾಯ್ನುಡಿಯಲ್ಲಿಯೇ.

ಉಪಾಯವಿಲ್ಲದಿಲ್ಲ. ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿಯಿತ್ತು ಮನೋಚಿಕಿತ್ಸೆಯನ್ನು ಹಳ್ಳಿಗೆ ತಂದರು. ೧೯೯೬ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ, ೧೪೪೧೬, ಹಗಲಿರುಳೂ ಉಚಿತ. ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಮೊದಲ ಹೆಜ್ಜೆ ಮಾತ್ರ ಮನೆಯೊಳಗಿನದೇ. ‘ಮರೆತುಬಿಡು’ ಎನ್ನುವ ಬದಲು ‘ಹೇಳವ್ವಾ, ಕೇಳುತ್ತೇನೆ’ ಎನ್ನೋಣ.